ಹನ್ನೊಂದು ಹಂಡೆ, ಒಂದು ವರ್ಷ

ನೀರು ತುಂಬುವ ಹಬ್ಬದ ಹಿಂದಿನ ದಿನ

ನಮ್ಮ ಬಚ್ಚಲಮನೆಯ ತಾಮ್ರದ ಹಂಡೆ ವರ್ಷಕ್ಕೊಮ್ಮೆ ಮಾತ್ರ ಒಲೆಯಿಂದ ಇಳಿಯುತ್ತದೆ. ದೀಪಾವಳಿಗೆ ಅದನ್ನು ಅಂಗಳಕ್ಕೆ ಉರುಳಿಸಿ, ಹುಣಸೆಹಣ್ಣು, ಬೂದಿ, ತೆಂಗಿನ ಜುಂಗು ಹಿಡಿದು ತಿಕ್ಕುವುದು ನನ್ನ ಪಾಲಿನ ಕೆಲಸ. ಈ ಸಲ ತಿಕ್ಕುವ ಮೊದಲು ತಳವನ್ನು ಕತ್ತಿಯ ಬೆನ್ನಿನಿಂದ ಕೆರೆದೆ. ಒಂದು ಗರಟೆ ತುಂಬ ಮಸಿ ಬಂತು, ಬೆರಳಲ್ಲಿ ಹಿಸುಕಿದರೆ ಅಂಟುವಂಥದ್ದು. ಅಷ್ಟೂ ಸರಿಯಾಗಿ ಉರಿಯದೆ ಉಳಿದ ಕಟ್ಟಿಗೆ. ಸಾಲದ್ದಕ್ಕೆ ಬೆಂಕಿಗೂ ನೀರಿಗೂ ನಡುವೆ ಕಂಬಳಿ ಹೊದಿಸಿದ ಹಾಗೆ ಕುಳಿತಿತ್ತು.

ಸಂಜೆ ಅಡಿಕೆ ತೂಗುವ ತಕ್ಕಡಿ ತಂದು ಕಟ್ಟಿಗೆ ತೂಗಿದೆ. ಹಂಡೆಗೆ 70 ಲೀಟರ್ ಅಬ್ಬಿ ನೀರು, ಅಂದರೆ ಗುಡ್ಡದಿಂದ ತಾನಾಗಿ ಇಳಿದು ಬರುವ ನೀರು, ತುಂಬಿಸಿದೆ. ಉಷ್ಣತೆ 22 ಡಿಗ್ರಿ. ಅದು 58 ಡಿಗ್ರಿಗೆ ಬರುವಷ್ಟರಲ್ಲಿ 8 ಕಿಲೋ 200 ಗ್ರಾಂ ಕಟ್ಟಿಗೆ ಬೂದಿಯಾಗಿತ್ತು. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲು 4.18 ಕಿಲೋಜೂಲ್ ಬೇಕು. ಈ ಹಂಡೆಗೆ ಹತ್ತೂವರೆ ಮೆಗಾಜೂಲ್ ಆಯಿತು, ಅಂದರೆ ಸುಮಾರು 3 ಯೂನಿಟ್ ವಿದ್ಯುತ್ತು. ಒಣ ಕಟ್ಟಿಗೆ ಕಿಲೋಗೆ 16 ಮೆಗಾಜೂಲಿನಷ್ಟು ಕೊಡುತ್ತದೆ. ಶಾಖವೆಲ್ಲ ನೀರಿಗೇ ಸೇರಿದ್ದರೆ ಮುಕ್ಕಾಲು ಕಿಲೋ ಕಟ್ಟಿಗೆಯೂ ಬೇಕಿರಲಿಲ್ಲ. ನೂರರಲ್ಲಿ 8 ಪಾಲು ಹಂಡೆಗೆ, ಉಳಿದದ್ದು ಗೋಡೆಗೆ, ಹೆಂಚಿನ ಸಂದಿಗೆ, ಆಯಿಯ ಕಣ್ಣಿಗೆ.

"ಇಷ್ಟು ದಿನ ಅಡಿಕೆಯ ಲೆಕ್ಕ ಬರೆಯುತ್ತಿದ್ದಿರಿ, ಇನ್ನು ಮೀಯುವ ನೀರಿನದೂ ಶುರುವಾಯಿತೇ?" ಎಂದಳು ಹೆಂಡತಿ. ಶುರುವಾಯಿತು. ಶಿರಸಿ ತಾಲ್ಲೂಕಿನ ನಮ್ಮ ಕೇರಿಯಲ್ಲಿ 11 ಮನೆಗಳಿವೆ, ಹನ್ನೊಂದರಲ್ಲೂ ಇದೇ ಒಲೆ. ಇವನ್ನು ಬದಲಿಸಿ ಕಡಿಮೆ ಕಟ್ಟಿಗೆಯ ಒಲೆ ಕಟ್ಟಬೇಕು ಎಂದು ಆಗಲೇ ತೀರ್ಮಾನಿಸಿದೆ.

ಡಿಸೆಂಬರ್ ಮೊದಲ ವಾರ

ನಮ್ಮ ಕಡೆ ಅಡುಗೆ ಗ್ಯಾಸಿಗೆ ಹೋಗಿ ಕಾಲವಾಯಿತು. ಕಟ್ಟಿಗೆ ಉಳಿದಿರುವುದು ಬಚ್ಚಲಿಗೆ, ದನಗಳ ಅಕ್ಕಚ್ಚಿಗೆ ಮತ್ತು ಅಡಿಕೆ ಬೇಯಿಸುವುದಕ್ಕೆ. ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟ, ಅಂದರೆ ಸೊಪ್ಪು, ಕಟ್ಟಿಗೆ ತಂದುಕೊಳ್ಳಬಹುದಾದ ಕಾಡು, ಎಂಬ ಬ್ರಿಟಿಷರ ಕಾಲದ ಸವಲತ್ತು ನಮ್ಮ ಜಿಲ್ಲೆಯಲ್ಲಿದೆ. ಹಾಗಾಗಿ ಕಟ್ಟಿಗೆಗೆ ಬೆಲೆಯೇ ಇಲ್ಲ ಎಂಬ ಭಾವನೆ ರಕ್ತದಲ್ಲಿ ಸೇರಿಕೊಂಡಿದೆ. ಆದರೆ ಬೆಟ್ಟದಿಂದ ಅದನ್ನು ಹೊತ್ತು ತರುವ ಆಳು ಈಗ ಸಿಗುವುದಿಲ್ಲ. ಕಾಡು ಉಳಿಸುವ ಮಾತಿಗೆ ತಲೆದೂಗದ ಮೇಲಿನಮನೆ ದೊಡ್ಡಪ್ಪ ಆಳಿನ ಮಾತು ಬಂದಾಗ ಕೂತಲ್ಲಿಂದಲೇ, "ಹಾಗಾದರೆ ಕಟ್ಟು ನೋಡೋಣ" ಎಂದರು.

ನಾನು ಕಟ್ಟಲು ಹೊರಟಿರುವುದು ಹೊಸ ವಿದ್ಯೆಯೇನಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಹಳ್ಳಿಗಳಿಗೆಂದೇ 'ಅಸ್ತ್ರ' ಕೇಂದ್ರ ಕಟ್ಟಿದರು. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅದರ ವಿಸ್ತರಣಾ ಕೇಂದ್ರವಿತ್ತು. ಪಕ್ಕದ 'ಪುರ' ಎಂಬ ಹಳ್ಳಿಯಂಥ ಊರುಗಳಲ್ಲಿ ಯಾವ ಕೆಲಸಕ್ಕೆ ಎಷ್ಟು ಶಕ್ತಿ ಹೋಗುತ್ತದೆ ಎಂದು ಮನೆಮನೆ ಲೆಕ್ಕ ಹಾಕಿದಾಗ ಬಹುಪಾಲು ಕಟ್ಟಿಗೆಯಿಂದಲೇ ಬರುತ್ತಿರುವುದು ಕಂಡಿತು. ಕಡಿಮೆ ಕಟ್ಟಿಗೆಯ ಅಸ್ತ್ರ ಒಲೆ ಹುಟ್ಟಿದ್ದು ಈ ಅಸ್ತ್ರ ಕೇಂದ್ರದ ಕೆಲಸದಿಂದಲೇ. 1980ರ ದಶಕದಲ್ಲಿ ಅಪ್ಪಯ್ಯ ಅಡುಗೆಮನೆಯಲ್ಲಿ ಮೂರು ಬಾಯಿಯ ಅಂಥದೊಂದು ಒಲೆ ಕಟ್ಟಿಸಿದ್ದರು. ಹೊಗೆ ಅಡುಗೆಮನೆ ಬಿಟ್ಟಿತು. ಬಚ್ಚಲಿಗೂ ಅದೇ ಸೂತ್ರ ಹೊಂದುತ್ತದೆ ಎಂದು ಆಗ ಯಾರಿಗೂ ಹೊಳೆಯಲಿಲ್ಲ, ಅಥವಾ ಬಚ್ಚಲಿನ ಹೊಗೆ ಯಾರಿಗೂ ಹೊಗೆ ಎನ್ನಿಸಲಿಲ್ಲ.

ಸೂತ್ರ ಇಷ್ಟೇ. ಬೆಂಕಿಗೆ ಪೂರ್ತಿ ಗೂಡು ಕಟ್ಟುವುದು. ಕಟ್ಟಿಗೆ ಕಬ್ಬಿಣದ ಜಾಲರಿಯ ಮೇಲೆ ಉರಿಯಬೇಕು, ಗಾಳಿ ಜಾಲರಿಯ ಕೆಳಗಿನಿಂದ ಬರಬೇಕು. ಬಿಸಿ ಹೊಗೆ ಹಂಡೆಯ ಹೊಟ್ಟೆಯನ್ನು ಬಳಸಿಕೊಂಡು ಸುತ್ತಿ ಕೊನೆಗೆ ಚಿಮಣಿ ಸೇರಬೇಕು. ಹಳೆಯ ಒಲೆಯಲ್ಲಿ ಉರಿ ತಳಕ್ಕೆ ಮುಖ ತೋರಿಸಿ ಹೊರಟುಹೋಗುತ್ತಿತ್ತು.

ಡಿಸೆಂಬರ್ ಕೊನೆ

ಮೊದಲ ಒಲೆ ನಮ್ಮ ಮನೆಯಲ್ಲೇ. ಸುಟ್ಟ ಇಟ್ಟಿಗೆ, ಗಾರೆಗೆ ಹುತ್ತದ ಮಣ್ಣು, ಭತ್ತದ ಹೊಟ್ಟು, ಸಗಣಿ. ಒಂದು ವಾರ ಒಣಗಲು ಬಿಟ್ಟು ಬೆಂಕಿ ಹಾಕಿದರೆ ಒಲೆ ರೈಲಿನ ಎಂಜಿನ್ನಿನಂತೆ ಭೋರ್ಗರೆಯಿತು. ಹೊಗೆಯಿಲ್ಲ, ಉರಿ ಚೆನ್ನಾಗಿದೆ, ಎಲ್ಲರಿಗೂ ಸಂತೋಷ. ತೂಗಿ ನೋಡಿದರೆ ಕಟ್ಟಿಗೆ 6 ಕಿಲೋ! ಚಿಮಣಿಯ ಮೇಲೆ ನೀರು ಚಿಮುಕಿಸಿದೆ, ದೋಸೆ ಕಾವಲಿಯ ಹಾಗೆ ಚೊಯ್ ಎಂದಿತು. ಶಾಖ ಹಂಡೆಯನ್ನು ಸವರಿಕೊಂಡು ಸೀದಾ ಆಕಾಶಕ್ಕೆ ಹೋಗುತ್ತಿತ್ತು.

ತಪ್ಪು ನನ್ನದೇ. ಹಂಡೆಗೂ ಗೋಡೆಗೂ ನಡುವೆ ಕೈ ಆಡುವಷ್ಟು, ಮೂರು ಇಂಚು ಜಾಗ ಬಿಟ್ಟಿದ್ದೆ. ಹೊಗೆಗೆ ಅಷ್ಟು ದಾರಿ ಸಿಕ್ಕರೆ ಅದು ಹಂಡೆಯನ್ನೇಕೆ ಮುಟ್ಟುತ್ತದೆ? ಒಳಗೋಡೆಗೆ ಮಣ್ಣು ಮೆತ್ತಿ ಸಂದಿಯನ್ನು ಒಂದೂವರೆ ಇಂಚಿಗೆ ತಂದೆ. ಚಿಮಣಿಯ ಕುತ್ತಿಗೆಗೆ ಒಳಗೆ ಹೊರಗೆ ಸರಿಸಬಹುದಾದ ತಗಡೊಂದನ್ನು ಕೂರಿಸಿದೆ. ಉರಿ ಹತ್ತಿಕೊಂಡ ಮೇಲೆ ಅದನ್ನು ಅರ್ಧ ಮುಚ್ಚಬೇಕು.

ಇನ್ನೊಂದು ತೊಡಕು ಕಟ್ಟುವಾಗಲೇ ಎದುರಾಗಿತ್ತು. ಗೂಡು ಹಂಡೆಯ ಕೊರಳಿನ ತನಕ ಬರಬೇಕು, ಆದರೆ ದೀಪಾವಳಿಗೆ ಹಂಡೆ ಹೊರಗೆ ಬರಲೇಬೇಕು. "ಹಬ್ಬಕ್ಕೆ ಇಳಿಯದ ಹಂಡೆ ನಮಗೆ ಬೇಡ" ಎಂದು ಆಯಿ ಮೊದಲೇ ಹೇಳಿಬಿಟ್ಟಿದ್ದರು. ಹೀಗಾಗಿ ಮೇಲಿನ ಬಳೆಯನ್ನು ಸಿಮೆಂಟಿನಲ್ಲಿ ಎರಡು ಹೋಳಾಗಿ ಎರಕ ಹೊಯ್ದೆ. ಹೋಳು ತೆಗೆದರೆ ಹಂಡೆ ಮೇಲೆ ಬರುತ್ತದೆ, ಇಟ್ಟು ಸಂದಿಗೆ ಮಣ್ಣು ಸವರಿದರೆ ಮುಚ್ಚುತ್ತದೆ. ಈ ಇಡೀ ಕೆಲಸದಲ್ಲಿ ನಾನು ಹೆಮ್ಮೆಪಡುವ ಭಾಗ ಇದೊಂದೇ.

ಜನವರಿ 20

ಸತತ ಒಂದು ವಾರ ತೂಗಿದ ಸರಾಸರಿ: 2 ಕಿಲೋ 900 ಗ್ರಾಂ. ನೂರರಲ್ಲಿ 23 ಪಾಲು ಶಾಖ ನೀರಿಗೆ. ಇನ್ನೂ ಮೇಲೆ ಒಯ್ಯಬಹುದು, ಆದರೆ ನನ್ನ ಇಟ್ಟಿಗೆ ಕೆಲಸದ ಅಂದಕ್ಕೆ ಇಷ್ಟು ಸಾಕು. ದಿನಕ್ಕೆ 5 ಕಿಲೋಗೂ ಹೆಚ್ಚು ಉಳಿಯಿತು.

ಶಿವರಾತ್ರಿ ಕಳೆದು

ಮೇಲಿನಮನೆ, ಕೆಳಗಿನಮನೆ, ಹೊಸಮನೆ ಮುಗಿದವು. ಮೂಲೆಮನೆ ಅಜ್ಜಿ ಮಾತ್ರ ಒಲೆಯನ್ನು ಎರಡು ಸುತ್ತು ಬಂದು ನೋಡಿ, ಬೇಡ ಎಂದರು. ಮೊದಲಿಗೆ ಹಠ ಎಂದುಕೊಂಡೆ. ಕೂತು ಕೇಳಿದರೆ ಅವರ ಬಳಿಯೂ ಲೆಕ್ಕವಿತ್ತು. ಮಳೆಗಾಲದಲ್ಲಿ ಬಟ್ಟೆ, ಕಂಬಳಿ ಒಣಗುವುದು ಬಚ್ಚಲೊಲೆಯ ಮೇಲಿನ ಗಳುವಿನಲ್ಲಿ. ಅಟ್ಟದ ಮರಕ್ಕೆ ಹುಳು ಬೀಳದಿರುವುದು ಹೊಗೆಯಿಂದ. ಬೂದಿ ಪಾತ್ರೆಗೂ ತರಕಾರಿ ಪಟ್ಟಿಗೂ ಬೇಕು. ಇಷ್ಟೆಲ್ಲ ಹೇಳಿ ಕೊನೆಗೆ, "ತಮ್ಮಾ, ಈ ಸಣ್ಣ ಬಾಯಿಯಲ್ಲಿ ಹಲಸಿನ ಬೇಳೆ ಎಲ್ಲಿ ಸುಡುವುದು?" ಎಂದು ಕೇಳಿದರು.

ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ನಾವು ವ್ಯರ್ಥ ಎಂದು ಬರೆದುಕೊಂಡ 92 ಪಾಲಿನಲ್ಲಿ ಅವರು ನಾಲ್ಕು ಕೆಲಸ ಮಾಡಿಸಿಕೊಳ್ಳುತ್ತಿದ್ದರು. ಅವರ ಮನೆಯ ಒಲೆಗೆ ಜಾಲರಿಯ ಕೆಳಗಿನ ಗಾಳಿಗಂಡಿಯನ್ನು ಅಗಲ ಮಾಡಿ, ಹಳೆಯ ಎಣ್ಣೆ ಡಬ್ಬಿಯ ತಗಡಿನಿಂದ ಎಳೆಯುವ ಪೆಟ್ಟಿಗೆ ಮಾಡಿಕೊಟ್ಟೆ. ಜಾಲರಿಯಿಂದ ಉದುರುವ ಕೆಂಡ ಅದರಲ್ಲಿ ಬೀಳುತ್ತದೆ, ಬೂದಿಯೂ ಅಲ್ಲೇ ಸಿಗುತ್ತದೆ. ಬಟ್ಟೆಗೆ ಚಿಮಣಿಯ ಪಕ್ಕ ಗಳು ಕಟ್ಟಿದೆ. ಅಟ್ಟದ ಹುಳುವಿಗೆ ಮಾತ್ರ ಪರಿಹಾರ ಹುಡುಕಲಾಗಲಿಲ್ಲ. ತಿಂಗಳಿಗೆರಡು ಸಲ ಹಸಿ ಸೊಪ್ಪು ಹಾಕಿ ಬೇಕೆಂದೇ ಹೊಗೆ ಎಬ್ಬಿಸುತ್ತೇನೆ ಎಂದರು ಅಜ್ಜಿ. ನಾನು ವಾದಿಸಲಿಲ್ಲ.

ಏಪ್ರಿಲ್

ಹೊಸಮನೆ ಭಾವನಿಗೆ ಒಲೆಗಿಂತ ಸೋಲಾರ್ ಮೇಲೆ ಮನಸ್ಸು. ಅವನ ಮನೆಗೆ ಆರ್‌ಸಿಸಿ ಮಾಡಿದೆ, ದಕ್ಷಿಣಕ್ಕೆ ಅಡಿಕೆ ಮರದ ನೆರಳಿಲ್ಲ. 100 ಲೀಟರಿನ, ಗಾಜಿನ ಕೊಳವೆಗಳದ್ದು ಬಂತು. ಪಂಪು ಬೇಡ, ಬಿಸಿ ನೀರು ಹಗುರಾಗಿ ತಾನೇ ಮೇಲಿನ ತೊಟ್ಟಿಗೆ ಏರುತ್ತದೆ, ತಣ್ಣೀರು ಕೆಳಗಿಳಿಯುತ್ತದೆ.

ಕೂರಿಸಲು ಬಂದವರು ಗಾಳಿ ಹೋಗುವ ಕೊಳವೆಯನ್ನು ತಣ್ಣೀರಿನ ಟ್ಯಾಂಕಿನ ಮಟ್ಟಕ್ಕಿಂತ ಗಿಡ್ಡವಾಗಿ ಕತ್ತರಿಸಿಬಿಟ್ಟರು. ಅಬ್ಬಿ ನೀರು ರಾತ್ರಿ ಹಗಲು ಬರುವಂಥದ್ದು. ಮಹಡಿಯ ಮೇಲೆ ಸದಾ ಹರಿಯಿತು. ಫೋನು ಮಾಡಿದಾಗ ಮತ್ತೆ ಬಂದು ಕೊಳವೆಗೆ ಮುಚ್ಚಳ ತಿರುಪಿ ಹೋದರು. ನೀರು ನಿಂತಿತು, ಜೊತೆಗೆ ಬಿಸಿನೀರಿನ ನಲ್ಲಿಯೂ ಬಿಕ್ಕಳಿಸಿ ನಿಂತಿತು. ಆ ಕೊಳವೆ ಇರುವುದೇ ಗಾಳಿ, ಹಬೆ ಹೊರಹೋಗಲು, ತೊಟ್ಟಿ ಖಾಲಿಯಾಗುವಾಗ ಗಾಳಿ ಒಳಬರಲು. ಮುಚ್ಚಿದರೆ ತೊಟ್ಟಿಯೇ ಒಳಕ್ಕೆ ನುಗ್ಗಾದೀತು. ನಾನೂ ಭಾವನೂ ಸೇರಿ ಮುಚ್ಚಳ ಕಿತ್ತು, ಕೊಳವೆಯನ್ನು ಟ್ಯಾಂಕಿಗಿಂತ ಎರಡಡಿ ಮೇಲಕ್ಕೆ ಏರಿಸಿದೆವು. ಅಂದು ಸಂಜೆ 61 ಡಿಗ್ರಿ.

ಮೂರನೆಯ ವಾರ ಮಂಗಗಳು ಬಂದವು. ಮಾವಿನ ಮರದಿಂದ ಮಹಡಿಗೆ ಹಾರುವಾಗ ಅವುಗಳ ಕಾಲೂರುವ ಜಾಗವೇ ಅದಾಗಿತ್ತು. ಮೂರು ಕೊಳವೆ ಪುಡಿ. ಮುಂದಿನ ಎರಡು ಮನೆಗಳಿಗೆ ದಪ್ಪ ಗಾಜಿನ ಕೆಳಗೆ ತಾಮ್ರದ ಕೊಳವೆಯಿರುವ ಚಪ್ಪಟೆ ಫಲಕದ್ದನ್ನೇ ತರಿಸಿದೆವು. ಬೆಲೆ ಹೆಚ್ಚು, ಆದರೆ ಮಂಗ ಕೂತು ಹೋದರೂ ಏನಾಗುವುದಿಲ್ಲ.

ಜುಲೈ, ಹನ್ನೆರಡು ದಿನ ಬಿಡದ ಮಳೆ

ವರ್ಷಕ್ಕೆ ಎರಡೂವರೆ ಸಾವಿರ ಮಿಲಿಮೀಟರ್ ಸುರಿಯುವ ಊರಿನಲ್ಲಿ ಸೋಲಾರ್ ನಂಬಿ ಒಲೆ ಕಿತ್ತವನು ಬೇಸಿಗೆಯಲ್ಲಿ ಮಾತ್ರ ಮೀಯಬೇಕಾದೀತು. ವಿದ್ಯುತ್ ಗೀಸರ್ ಇದೆಯಲ್ಲ ಎನ್ನುವವರು ಈ ತಿಂಗಳು ಇಲ್ಲಿಗೆ ಬರಲಿ; ಕರೆಂಟು ಹೋಗಿ ಇಂದಿಗೆ ನಾಲ್ಕು ದಿನ. ಹೊಸಮನೆ ತೊಟ್ಟಿಯಲ್ಲಿ ನೀರು 27 ಡಿಗ್ರಿ.

ಒಲೆಗಳಿಗೂ ಕಷ್ಟ ಬಂದಿದೆ. ಕೆಳಗಿನಮನೆಯಲ್ಲಿ ಚಿಮಣಿಯ ಕೀಲಿನಿಂದ ಕಪ್ಪು ರಸ ಇಳಿದು, ಸುಣ್ಣ ಬಳಿದ ಗೋಡೆ ಎಲೆಯಡಿಕೆ ಉಗಿದಂತಾಗಿತ್ತು. ಅತ್ತಿಗೆ ನನ್ನನ್ನು ಕರೆದು ತೋರಿಸಿದರು. ಏನೂ ಹೇಳಲಿಲ್ಲ, ಅದೇ ಹೆಚ್ಚಾಯಿತು. ಕಾರಣ ಹಸಿ ಕಟ್ಟಿಗೆ. ಅದರ ನೀರನ್ನು ಆವಿ ಮಾಡುವುದರಲ್ಲೇ ಉರಿ ಸೋತು, ಹೊಗೆ ತಣ್ಣಗಾಗಿ ಚಿಮಣಿಯೊಳಗೇ ಡಾಂಬರಾಗುತ್ತದೆ. ತೆರೆದ ಒಲೆ ಎಂಥ ಕುಂಟೆಯನ್ನೂ ನುಂಗುತ್ತಿತ್ತು, ಈ ಒಲೆಗೆ ಒಣ ಸೀಳೇ ಬೇಕು. ಸದ್ಯಕ್ಕೆ ಅಡಿಕೆ ಸಿಪ್ಪೆ ಮತ್ತು ಗರಟೆಯಲ್ಲಿ ಸುಧಾರಿಸುತ್ತಿದ್ದೇವೆ. ಮುಂದಿನ ವರ್ಷ ಶಿವರಾತ್ರಿಯೊಳಗೆ ಸೀಳಿ, ಮಾಡಿನ ಕೆಳಗೆ ಗಾಳಿಯಾಡುವಂತೆ ಒಟ್ಟಿಟ್ಟವರ ಮನೆಗೆ ಮಾತ್ರ ಒಲೆ ಕಟ್ಟುವುದು ಎಂದು ನಿಯಮ ಮಾಡಿದ್ದೇನೆ. ಚಿಮಣಿಯನ್ನು ಹೆಂಚಿನ ಮೂಲಕ ತೂರಿಸಿದ ಎರಡು ಕಡೆಯೂ ಸೋರಿತು. ಇನ್ನು ಗೋಡೆಯಿಂದಲೇ ಹೊರಗೆ.

ಸೆಪ್ಟೆಂಬರ್

ಸೋಲಾರ್ ನೀರು ಸ್ನಾನಕ್ಕೆ ಸಾಲದಿದ್ದರೆ ಅದನ್ನು ಬಿಟ್ಟು ತಣ್ಣೀರನ್ನೇ ಹಂಡೆಗೆ ತುಂಬಿ ಕಾಯಿಸುತ್ತಿದ್ದೆವು. ಎಂಥ ದಡ್ಡತನ! ಈಗ ಸೋಲಾರಿನ ಕೊಳವೆಯನ್ನು ಹಂಡೆಯ ಬಾಯಿಯ ಮೇಲಕ್ಕೇ ತಂದಿದ್ದೇವೆ. ಮೋಡದ ನಡುವೆ ಬಿಸಿಲು ಇಣುಕಿದ ದಿನ 45 ಡಿಗ್ರಿಯ ನೀರು ಹಂಡೆಗೆ ಬೀಳುತ್ತದೆ. ಉಳಿದ 13 ಡಿಗ್ರಿಗೆ ಒಂದು ಕಿಲೋ ಕಟ್ಟಿಗೆ ಸಾಕು. ಕೊಳವೆಗೆ ಸ್ಪಂಜಿನ ಹೊದಿಕೆ ಹಾಕದೆ ಹೋಗಿದ್ದರೆ ಈ ಲಾಭ ದಾರಿಯಲ್ಲೇ ಸೋರುತ್ತಿತ್ತು.

ಮತ್ತೆ ನೀರು ತುಂಬುವ ಹಬ್ಬ

ಇಂದಿನ ತನಕ ಏಳು ಒಲೆ, ಮೂರು ಸೋಲಾರ್. ಎರಡು ಮನೆಯವರು ಮುಂದಿನ ವರ್ಷ ಎಂದಿದ್ದಾರೆ, ಒಂದು ಮನೆಗೆ ಬೀಗ, ಒಬ್ಬರಿಗೆ ನನ್ನ ಮೇಲೆ ಬೇರೆ ಸಿಟ್ಟಿದೆ.

ಬೆಳಿಗ್ಗೆ ಬಳೆಯ ಹೋಳು ತೆಗೆದು ಹಂಡೆ ಎತ್ತಿದೆವು. ಒಂದು ಹೋಳು ನಡುವೆ ಬಿರುಕು ಬಿಟ್ಟಿದೆ, ಒಳಗೆ ತಂತಿ ಇಟ್ಟು ಮತ್ತೆ ಹೊಯ್ಯಬೇಕು. ತಳ ಕೆರೆದರೆ ಮಸಿ ಅರ್ಧ ಗರಟೆ, ಒಣ ಪುಡಿ. ಉಜ್ಜಿದರೆ ಕೈಯಿಂದ ಹಾರಿಹೋಯಿತು. ಸಂಜೆ ತೊಳೆದ ಹಂಡೆ ಗೂಡಿನಲ್ಲಿ ಕೂತಾಗ ಹೊಸ ಸಮಸ್ಯೆ. ಹಂಡೆಯ ಹೊಟ್ಟೆ ಪೂರ್ತಿ ಒಳಗಿದೆ, ಕಾಣುವುದು ಕೊರಳು ಮಾತ್ರ. ಶೇಡಿ, ಕೆಮ್ಮಣ್ಣಿನ ಚಿತ್ತಾರ ಎಲ್ಲಿ ಬರೆಯುವುದು? ಆಯಿ ಸ್ವಲ್ಪ ಹೊತ್ತು ನಿಂತು ನೋಡಿ, ಚಿತ್ತಾರವನ್ನು ಇಟ್ಟಿಗೆಯ ಗೂಡಿನ ಮೇಲೇ ಬರೆದರು. ಹಿಂಡಲಕಾಯಿಯ ಬಳ್ಳಿಯನ್ನು ಕೊರಳಿಗೆ ಸುತ್ತಿ, ಮಿಕ್ಕಿದ್ದನ್ನು ಚಿಮಣಿಗೂ ಒಂದು ಸುತ್ತು ಹಾಕಿದರು. ನಾಳೆ ಬೆಳಗಿನ ಜಾವ ಬೆಂಕಿ ಹಾಕಿದರೆ ಆ ಸುತ್ತು ಬಾಡುತ್ತದೆ ಎಂದೆ.

"ಬಾಡಲಿ, ಮೀಯುವುದಾದ ಮೇಲೆ ತಾನೆ" ಎಂದರು.