ನೀರಿನ ಒಳಗಿನ ಕಿವಿಗಳು

ಗೋವಾದ ವಾಸ್ಕೋದಲ್ಲಿ ನಮ್ಮ ಕನ್ನಡದವರು ಜಾಸ್ತಿ. ಬೈನಾ, ಝುವಾರಿನಗರ ಎಲ್ಲಿ ಹೋದರೂ ಬಾಗಲಕೋಟೆ, ಗದಗದ ಮಾತು ಕೇಳುತ್ತದೆ. ದಾಬೋಳಿ ವಿಮಾನ ನಿಲ್ದಾಣದಿಂದ ಏಳುವ ನೇವಿಯ ಪಿ-8ಐ ವಿಮಾನ ಸಮುದ್ರದ ಮೇಲೆ ಹೋಗಿ ಏನು ಮಾಡುತ್ತದೆ ಅಂತ ಇಲ್ಲಿನ ಹುಡುಗರು ಕೇಳುತ್ತಿರುತ್ತಾರೆ. ಅವರಿಗಾಗಿ ಇದನ್ನು ಬರೆದಿದ್ದೇನೆ.

ಅದರ ಒಂದು ಮುಖ್ಯ ಕೆಲಸ ನೀರೊಳಗಿನ ಸಬ್‌ಮರೀನ್ ಸದ್ದು ಕೇಳಿಸಿಕೊಳ್ಳುವುದು. ವಿಮಾನದಿಂದ ಸೋನೋಬಾಯ್ ಅನ್ನುವ ಕೊಳವೆಗಳನ್ನು ಬೀಳಿಸುತ್ತಾರೆ. ಅದು ನೀರಿಗೆ ಬಿದ್ದ ಮೇಲೆ ಒಂದು ಭಾಗ ತೇಲುತ್ತದೆ, ತಂತಿಯ ತುದಿಯಲ್ಲಿ ಹೈಡ್ರೋಫೋನ್, ಅಂದರೆ ನೀರೊಳಗಿನ ಮೈಕ್, ಆಳಕ್ಕೆ ಇಳಿಯುತ್ತದೆ, ಕೆಳಗೆ ಕೇಳಿದ ಸದ್ದು ರೇಡಿಯೋ ಮೂಲಕ ವಿಮಾನಕ್ಕೆ ಬರುತ್ತದೆ. ಉಪ್ಪುನೀರಿನಲ್ಲಿ ರೇಡಿಯೋ, ರಾಡಾರ್ ದೂರ ಹೋಗುವುದಿಲ್ಲ. ಸದ್ದು ಮಾತ್ರ ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತದೆ, ಗಾಳಿಯಲ್ಲಿ ಓಡುವುದಕ್ಕಿಂತ ನಾಲ್ಕು ಪಟ್ಟು ಜಾಸ್ತಿ. ಹೈಡ್ರೋಫೋನ್ ಒಳಗೆ ಇರುವುದು ಸಾಮಾನ್ಯವಾಗಿ ಒಂದು ಚಿಕ್ಕ ಪೀಜೋ ಸೆರಾಮಿಕ್ ತುಂಡು. ಸದ್ದಿನ ಒತ್ತಡ ಬಿದ್ದರೆ ಅದರಲ್ಲಿ ಸಣ್ಣ ವೋಲ್ಟೇಜ್ ಹುಟ್ಟುತ್ತದೆ, ಅಷ್ಟೇ.

ಸದ್ದಿನಿಂದ ನೀರೊಳಗಿನದನ್ನು ಪತ್ತೆ ಮಾಡುವ ಉಪಕರಣಕ್ಕೆ ಸೋನಾರ್ ಅನ್ನುತ್ತಾರೆ. ನೌಕಾಪಡೆಯ ಹಲವು ಸೋನಾರ್‌ಗಳನ್ನು ಕೊಚ್ಚಿಯ ರಕ್ಷಣಾ ಸಂಶೋಧನಾ ಪ್ರಯೋಗಾಲಯ ಎನ್‌ಪಿಒಎಲ್ ವಿನ್ಯಾಸ ಮಾಡುತ್ತದೆ, ನಮ್ಮ ಬೆಂಗಳೂರಿನ ಬಿಇಎಲ್ ತಯಾರಿಸುತ್ತದೆ. ಇದು ನಮ್ಮವರಲ್ಲಿ ಬಹಳ ಜನಕ್ಕೆ ಗೊತ್ತೇ ಇಲ್ಲ. ತೈಲ ಹುಡುಕುವವರಿಗೂ ಇದೇ ಕಿವಿ ಬೇಕು. ಹಡಗಿನ ಹಿಂದೆ ಕಿಲೋಮೀಟರ್‌ಗಟ್ಟಲೆ ಕೇಬಲ್ ಎಳೆದು, ಒತ್ತಿದ ಗಾಳಿಯನ್ನು ನೀರಿನಲ್ಲಿ ಸಿಡಿಸುವ ಏರ್‌ಗನ್‌ನ ಸದ್ದು ತಳದ ಬಂಡೆಗೆ ಬಡಿದು ವಾಪಸ್ ಬರುವುದನ್ನು ಅದರಲ್ಲಿರುವ ಹೈಡ್ರೋಫೋನ್‌ಗಳಿಂದ ಕೇಳುತ್ತಾರೆ.

ಆದರೆ ನನಗೆ ಮುಖ್ಯ ಅನ್ನಿಸುವುದು ಬೇರೆ. ಸಬ್‌ಮರೀನ್ ಹುಡುಕುವವನು ಗಲಾಟೆ ಅಂತ ಸೋಸಿ ಬಿಸಾಡುವುದನ್ನೇ ಜೀವಶಾಸ್ತ್ರದವನು ಹುಡುಕುತ್ತಿರುತ್ತಾನೆ. ಎರಡನೇ ಮಹಾಯುದ್ಧದಲ್ಲಿ ಸೋನಾರ್‌ನವರ ತಲೆ ಕೆಡಿಸಿದ್ದು ಒಂದು ಚಿಕ್ಕ ಸೀಗಡಿ. ಅದು ಇಕ್ಕಳದಂಥ ದೊಡ್ಡ ಕೊಂಡಿಯನ್ನು ಪಟ್ಟನೆ ಮುಚ್ಚಿದಾಗ ನೀರಿನಲ್ಲಿ ಗುಳ್ಳೆ ಎದ್ದು ಒಡೆಯುತ್ತದೆ, ಸದ್ದು ಬರುವುದು ಆ ಗುಳ್ಳೆಯಿಂದ. ಸಾವಿರಾರು ಸೀಗಡಿ ಸೇರಿದರೆ ಒಗ್ಗರಣೆಯ ಸಾಸಿವೆ ಸಿಡಿದ ಹಾಗೆ ಚಟಪಟ, ಬಿಡುವೇ ಇಲ್ಲ.

ದೋನಾ ಪೌಲಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯವರು ಗ್ರಾಂಡೆ ದ್ವೀಪದ ಹತ್ತಿರ, ಝುವಾರಿ ನದಿಯಲ್ಲಿ ಹೈಡ್ರೋಫೋನ್ ಇಟ್ಟು ಮೀನುಗಳ ಗುಂಪು ಕೂಗನ್ನೂ ದಾಖಲು ಮಾಡಿದ್ದಾರೆ. ಗಾಳಿಚೀಲವನ್ನು ಸ್ನಾಯುವಿನಿಂದ ಕಂಪಿಸಿ ಕೂಗುವ ಮೀನುಗಳಿವೆ, ಎಷ್ಟೋ ಜಾತಿ ಮೊಟ್ಟೆ ಇಡುವ ಕಾಲದಲ್ಲಿ ಜಾಸ್ತಿ ಕೂಗುತ್ತವೆ. ಅಂದರೆ ಬಲೆ ಹಾಕದೆ, ಒಂದು ಮೀನನ್ನೂ ಕೊಲ್ಲದೆ, ಎಲ್ಲಿ ಯಾವಾಗ ಮರಿ ಆಗುತ್ತಿದೆ ಅಂತ ಊಹಿಸಬಹುದು. ಎಂಥ ಒಳ್ಳೆಯ ದಾರಿ ಅಲ್ವಾ!

ಅದೇ ಗ್ರಾಂಡೆ ದ್ವೀಪದ ಸುತ್ತ ಈಗ ಡೈವಿಂಗ್ ಮತ್ತು ಡಾಲ್ಫಿನ್ ತೋರಿಸುವ ದೋಣಿಗಳು. ಡಾಲ್ಫಿನ್ ಬೇಟೆ ಹುಡುಕುವುದೇ ಸದ್ದಿನಿಂದ, ಅದರ ಪಕ್ಕದಲ್ಲೇ ನಾವು ಎಂಜಿನ್ ಓಡಿಸುತ್ತೇವೆ. ಇದು ಸರಿಯಲ್ಲ. ಗೋವಾದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ, ಆಗ ಟ್ರಾಲರ್‌ಗಳು ದಡದಲ್ಲಿ ಇರುತ್ತವೆ. ಅದಕ್ಕೆ ಮುಂಚಿನ ಮೇ, ನಡುವಿನ ಜೂನ್, ನಂತರದ ಆಗಸ್ಟ್ ಮೂರೂ ತಿಂಗಳು ಪ್ರತಿ ವರ್ಷ ಒಂದೇ ಜಾಗದಲ್ಲಿ ರೆಕಾರ್ಡ್ ಮಾಡಿ, ಮಳೆಯ ಸದ್ದನ್ನು ಬೇರೆ ಮಾಡಿ, ಮೀನುಗಾರರಿಗೂ ದೋಣಿಯವರಿಗೂ ಕೇಳಿಸಬೇಕು ಅನ್ನುವುದು ನನ್ನ ಆಸೆ. ವಾಸ್ಕೋದಲ್ಲಿ ಇದಕ್ಕೆ ಕೈ ಜೋಡಿಸುವವರಿದ್ದರೆ ನಾನು ಬರಲು ತಯಾರು.