ಕೋಡಿ ಬೆಂಗ್ರೆ: ಭರತದ ಲೆಕ್ಕ ತಪ್ಪಿದ ಬೆಳಗ್ಗೆ

ಉಡುಪಿಯಿಂದ ಸಂತೆಕಟ್ಟೆ, ಕೆಮ್ಮಣ್ಣು, ಹೂಡೆ ದಾಟಿ ರಸ್ತೆ ಮುಗಿಯುವಲ್ಲಿ ಕೋಡಿ ಬೆಂಗ್ರೆ. ಪಡುವಣಕ್ಕೆ ಕಡಲು, ಮೂಡಣಕ್ಕೆ ಹೊಳೆ, ತುದಿಯಲ್ಲಿ ಸ್ವರ್ಣಾ, ಸೀತಾ ನದಿಗಳು ಕಡಲು ಸೇರುವ ಅಳಿವೆ. ವಲಸೆ ಹಕ್ಕಿ ನೋಡಲು ಹೋದ ಮಾರ್ಚ್ ನಡುವಿನ ಆ ದಿನ ಬೆಳಗ್ಗೆ ಆರೂವರೆಗೆ ಭರತ, ಅಂದರೆ ಕಡಲ ನೀರು ಪೂರ್ತಿ ಏರುವ ಹೊತ್ತು, ಎಂದು ಮೊಬೈಲಿನ ಭರತ-ಇಳಿತದ ಪಟ್ಟಿಯಲ್ಲಿತ್ತು. ಅಲ್ಲಿ ನೋಡಿದರೆ ನೀರು ಇಳಿದು ಕೆಸರು ಮೇಲೆದ್ದಿದೆ. ಹಕ್ಕಿಗಳು ಹೊಳೆಯ ಆಚೆ ಬದಿಗೆ ಚದುರಿವೆ, ಅವುಗಳ ಬೆನ್ನಿಗೇ ಸೂರ್ಯ. ಹಕ್ಕಿ ನೋಡುವ ದೂರದರ್ಶಕ, ಸ್ಕೋಪಿನಲ್ಲಿ ಬರೀ ಕಪ್ಪು ಚುಕ್ಕಿ.

ಬಲೆ ಮಡಚುತ್ತಿದ್ದ ಹಿರಿಯರೊಬ್ಬರು ನಕ್ಕರು. "ಭರತವಾ? ಅದು ಮಧ್ಯಾಹ್ನಕ್ಕೆ ಮಾರಾಯ್ರೆ. ಅವೆಲ್ಲ ಈಗ ಮೇಯ್ಲಿಕ್ಕೆ ಹೋಗಿದಾವೆ."

"ಮೊಬೈಲಲ್ಲಿ ಆರೂವರೆ ಅಂತ ಉಂಟಲ್ಲ?"

"ನಿಮ್ಮ ಮೊಬೈಲಿನ ಕಡಲು ಬೇರೆ ಇರ್ಬೇಕು."

ಪಟ್ಟಿ ಗ್ರೀನಿಚ್ ಸಮಯದಲ್ಲಿತ್ತು. ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ; ಭರತಕ್ಕೂ ಇಳಿತಕ್ಕೂ ಅಂತರ ಸುಮಾರು ಆರು ಗಂಟೆ. ಹಾಗಾಗಿ ಈ ಒಂದು ತಪ್ಪಿಗೆ ಭರತ ಇಳಿತವಾಗಿಬಿಡುತ್ತದೆ. ಪಟ್ಟಿಯ ಮೂಲೆಯಲ್ಲಿ ಯಾವ ಸಮಯವೆಂದು ಓದಿಯೇ ಅಲಾರಂ ಇಡಿ. ಭರತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ, ಅದನ್ನೂ ಕೂಡಿಸಿ.

ಒಂಬತ್ತೂವರೆಗೆ ಹಕ್ಕಿಗಳು ಮೇಯುವ ಕೆಸರು ಮುಳುಗತೊಡಗಿತು. ಆಗ ಬಂದವು, ಹತ್ತು, ಇಪ್ಪತ್ತು, ಆಮೇಲೆ ಲೆಕ್ಕ ತಪ್ಪುವಷ್ಟು. ಮರಳ ದಿಬ್ಬದಲ್ಲಿ ಎಲ್ಲವೂ ಗಾಳಿಗೆ ಮುಖಮಾಡಿ ಕೂತವು. ಜನವರಿಯಲ್ಲಿ ಸ್ಯಾಂಡ್ ಪ್ಲೋವರ್ ಎಂಬ ತೀರದ ಪುಟ್ಟ ವಲಸೆ ಹಕ್ಕಿ ಎಂದರೆ ಮರಳಿನದೇ ಬೂದು ಬಣ್ಣ. ಈಗ ಒಂದರ ಎದೆ ಹಂಚಿನ ಕೆಂಪು, ಪಕ್ಕದ್ದಕ್ಕೆ ಬರೀ ಕೆಂಪು ಛಾಯೆ, ಅದರಾಚೆಯದು ಇನ್ನೂ ಬೂದು. ವಲಸೆಯ ಮರುಪಯಣಕ್ಕೆ ಯಾರು ಎಷ್ಟು ಸಿದ್ಧ ಎಂಬುದು ಎದೆಯ ಮೇಲೇ ಬರೆದಂತೆ. ಬೂದಾಗಿಯೇ ಉಳಿದ ಮರಿಪ್ರಾಯದ ಕೆಲವು ಮಳೆಗಾಲದಲ್ಲೂ ಇಲ್ಲೇ ಇರುತ್ತವೆ.

ಸ್ಯಾಂಡ್ ಪ್ಲೋವರ್‌ಗಳಲ್ಲಿ ಲೆಸ್ಸರ್ (ಕಿರಿದು) ಯಾವುದು, ಗ್ರೇಟರ್ (ಹಿರಿದು) ಯಾವುದು ಎಂಬ ಜಗಳಕ್ಕೆ ಗಾತ್ರ ನಂಬಬೇಡಿ, ಕೊಕ್ಕು ನೋಡಿ. ಕೊಕ್ಕಿನ ಬುಡದಿಂದ ಕಣ್ಣಿನ ಹಿಂಬದಿಯವರೆಗಿನ ದೂರಕ್ಕಿಂತ ಕೊಕ್ಕು ಉದ್ದವಿದ್ದರೆ ಗ್ರೇಟರ್, ಗಿಡ್ಡವಿದ್ದರೆ ಲೆಸ್ಸರ್. ಹಕ್ಕಿ ಜಾತಿಗಳ ಹೊಸ ಪಟ್ಟಿಗಳಲ್ಲಿ ಲೆಸ್ಸರ್ ಎರಡು ಜಾತಿಯಾಗಿ ಒಡೆದಿದೆ. ನಮ್ಮ ತೀರದ್ದು ಟಿಬೆಟನ್ ಸ್ಯಾಂಡ್ ಪ್ಲೋವರ್.

ಹತ್ತು ಗಂಟೆ ದಾಟಿದರೆ ಮರಳ ಮೇಲೆ ಝಳ ಕುಣಿಯುತ್ತದೆ. ಸ್ಕೋಪಿನಲ್ಲಿ 60 ಪಟ್ಟು ಹಿಗ್ಗಿಸಿದರೆ ಹಕ್ಕಿಯೂ ಕುಣಿಯುತ್ತದೆ, 25ಕ್ಕೆ ಇಳಿಸಿ. ಬೆಳಗ್ಗೆ ಕಡಲ ಕಡೆ, ಸಂಜೆ ಹೊಳೆಯ ಕಡೆ ನೋಡಿದರೆ ಬೆಳಕು ಬೆನ್ನಿಗಿರುತ್ತದೆ. ನೇರ ನಡೆಯದೆ ಓರೆಯಾಗಿ ಹೋಗಿ ಕೂತುಕೊಳ್ಳಿ. ಕತ್ತುಗಳು ಒಟ್ಟಿಗೆ ನಿಮಿರಿದರೆ ಅಲ್ಲೇ ನಿಲ್ಲಿ. ಎಬ್ಬಿಸಿದಷ್ಟು ಸಲವೂ ಪಯಣಕ್ಕೆಂದು ಕೂಡಿಟ್ಟ ಕೊಬ್ಬು ಕರಗುತ್ತದೆ.

ಮರುದಿನ ಮಲ್ಪೆ. ಬೀಚಿನ ಗದ್ದಲ ಹಕ್ಕಿಗೂ ಬೇಡ, ಹಕ್ಕಿ ನೋಡುವವರಿಗೂ ಬೇಡ. ಮೀನು ಇಳಿಸುವ ಹೊತ್ತಿಗೆ ಬಂದರಿಗೆ ಹೋದರೆ ಬ್ರೌನ್‌ಹೆಡೆಡ್ ಗಲ್‌ಗಳು, ಅಂದರೆ ಕಂದು ತಲೆಯ ಕಡಲಹಕ್ಕಿಗಳು, ಸಿಗುತ್ತವೆ. ಚಳಿಗಾಲವಿಡೀ ಬಿಳಿ ತಲೆ ಹೊತ್ತು ಹೆಸರಿಗೆ ಮೋಸ ಮಾಡಿದವು ಈಗ ಕಂದು ಟೋಪಿ ಹಾಕಿಕೊಂಡು ದೋಣಿಯ ಅಂಚಿನಲ್ಲಿ ಕೂತಿದ್ದವು.