ನಿಂಗೇನ್ ಕಡಿಮೆ ಮಾಡಿದೀವಿ?

ಮಗಳ ಎಡಗಡೆ ಹುಬ್ಬು ಅರ್ಧ ಇಲ್ಲ ಅಂತ ನಂಗೆ ಗೊತ್ತಾಗಿದ್ದು ಆಧಾರ್ ಅಪ್‌ಡೇಟ್ ಮಾಡ್ಸಕ್ಕೆ ಹೋದಾಗ, ಫೋಟೋ ಸ್ಕ್ರೀನ್ ಮೇಲೆ ದೊಡ್ಡದಾಗಿ ಬಂತಲ್ಲ, ಆವಾಗ. ದಿನಾ ಬೆಳಿಗ್ಗೆ ಕಾರಲ್ಲಿ ಕಾಲೇಜಿಗೆ ಬಿಡೋನು ನಾನೇ. ನೋಡೇ ಇರ್ಲಿಲ್ಲ. ಓದ್ತಾ ಓದ್ತಾ ಒಂದೊಂದೇ ಕೂದ್ಲು ಕಿತ್ಕೊಳ್ತಿದ್ಲಂತೆ, ಆರು ತಿಂಗಳಿಂದ, ಮೇಲೆ ಪೆನ್ಸಿಲ್ ಹಚ್ಕೊಳ್ತಿದ್ಲು, ಅವ್ರಮ್ಮ ಏನೋ ಫ್ಯಾಶನ್ನು ಅನ್ಕೊಂಡು ಸುಮ್ನಿದ್ಲು.

ನಮ್ದು ತುಮಕೂರಲ್ಲಿ ಎಸ್‌ಐಟಿ ಎಕ್ಸ್‌ಟೆನ್ಷನ್ ಕಡೆ ಮನೆ, ಗುಬ್ಬಿ ಹತ್ರ ಅಡಿಕೆ ತೋಟ, ಟೌನಲ್ಲಿ ಹಾರ್ಡ್‌ವೇರ್ ಅಂಗಡಿ. ಅವಳಿಗೆ ಬೇರೆ ರೂಮು, ಎಸಿ, ಟ್ಯಾಬು, ಸೆಕೆಂಡ್ ಪಿಯು ಜೊತೆಗೆ ನೀಟ್ ಕೋಚಿಂಗು. ಭಾನುವಾರ ಬಂದ್ರೆ ಟೆಸ್ಟು, 180 ಪ್ರಶ್ನೆ, 720 ಮಾರ್ಕ್ಸು, ತಪ್ಪು ಬರೆದ್ರೆ ಒಂದೊಂದ್ ಮಾರ್ಕ್ ಕಟ್ಟು, ಸಂಜೆ ಹೊತ್ಗೆ ರ‍್ಯಾಂಕ್ ಲಿಸ್ಟು ಪೇರೆಂಟ್ಸ್ ವಾಟ್ಸಾಪ್ ಗ್ರೂಪಿಗೆ ಬಿದ್ದಿರತ್ತೆ. ಅವಳಿಗಿಂತ ಮುಂಚೆ ನಾನೇ ನೋಡಿರ್ತಿದ್ದೆ.

ಬೈದಿಲ್ಲ ಕಣ್ರೀ ನಾನು. ಹೊಡೆಯೋದಂತೂ ಇಲ್ವೇ ಇಲ್ಲ. ಒಂದೇ ಮಾತು ಕೇಳ್ತಿದ್ದೆ, "ನಿಂಗೇನ್ ಕಡಿಮೆ ಮಾಡಿದೀವಿ ಹೇಳು?" ಆಮೇಲೆ ನನ್ ಪುರಾಣ, ಸಿದ್ಧಗಂಗಾ ಮಠದಲ್ಲಿ ಮುದ್ದೆ ಉಂಡು ಓದಿದೋನು ನಾನು, ಇತ್ಯಾದಿ.

ಒಂದಿನ ರಾತ್ರಿ ಅವಳು ಅಳು ನಿಲ್ಲಿಸ್ಲೇ ಇಲ್ಲ, ನಮ್ಮನೆಯವ್ಳು 14416ಗೆ ಫೋನ್ ಮಾಡಿದ್ಲು, ಟೆಲಿ ಮಾನಸ್ ಅಂತ, ಮನಸ್ಸಿನ ತೊಂದರೆಗೆ ಸರ್ಕಾರದ ಸಹಾಯವಾಣಿ, ಫ್ರೀ, ಕನ್ನಡದಲ್ಲೇ ಮಾತಾಡಿದ್ರು, ಡಾಕ್ಟರಿಗೆ ತೋರ್ಸಿ ಅಂದ್ರು. ಡಾಕ್ಟರ್ ಮುಂದೆ ಇವಳು ಹೇಳಿದ್ದು ಇಷ್ಟೇ: "ಅಪ್ಪ ಎಲ್ಲಾ ಕೊಟ್ಟಿದಾರೆ ಮೇಡಂ. ಇಷ್ಟಾದ್ಮೇಲೂ ಬರ್ಲಿಲ್ಲ ಅಂದ್ರೆ ತಪ್ಪು ನಂದೇ ತಾನೆ?"

ನಾನು ಮೇಜಿನ ಮೇಲಿದ್ದ ಕ್ಯಾಲೆಂಡರ್ ನೋಡ್ತಾ ಕೂತಿದ್ದೆ.

ನಾನು ಎಸ್ಸೆಸ್ಸೆಲ್ಸಿ ಸೆಕೆಂಡ್ ಕ್ಲಾಸಲ್ಲಿ ಪಾಸಾದಾಗ ನಮ್ಮಪ್ಪ ಊರಿಗೆಲ್ಲ ಸಕ್ಕರೆ ಹಂಚಿದ್ರು. ಫೇಲಾಗಿದ್ರೆ ಎಮ್ಮೆ ಮೇಯ್ಸಕ್ಕೆ ವಾಪಸ್ಸು, ಅಷ್ಟೇ, ಎಲ್ಲರೂ ಅದನ್ನೇ ಮಾಡ್ತಿದ್ರು, ಯಾರೂ ಆಡ್ಕೊಳ್ತಿರ್ಲಿಲ್ಲ. ಇವಳಿಗೆ 500 ಬಂದ್ರೂ ನೆಂಟರು ಅಯ್ಯೋ ಪಾಪ ಅಂತಾರೆ. ನಾನು ಹತ್ತಿದ್ರೆ ಲಾಭ, ಇವಳು ಹತ್ತಿದ್ರೆ ಲೆಕ್ಕಕ್ಕೇ ಇಲ್ಲ, ಜಾರಿದ್ರೆ ಮಾತ್ರ ಎಲ್ರಿಗೂ ಕಾಣತ್ತೆ. ಮಠದ ಕತೆ ಹೇಳೋವಾಗ ಇದೊಂದು ನಂಗೆ ಹೊಳೆದೇ ಇರ್ಲಿಲ್ಲ ನೋಡಿ.

ನಿದ್ದೆ ಬರ್ದೆ ಮೊಬೈಲಲ್ಲಿ ಹುಡುಕ್ತಾ ಹೋದ್ರೆ ಸುನಿಯಾ ಲೂಥರ್ ಅಂತ ಒಬ್ರು, ಅಮೆರಿಕದಲ್ಲಿದ್ದ ಭಾರತೀಯ ಮೂಲದ ಮನಶ್ಶಾಸ್ತ್ರಜ್ಞೆ, 1999ರಲ್ಲೇ ಹೈಸ್ಕೂಲ್ ಮಕ್ಕಳನ್ನ ಹೋಲಿಸಿ ನೋಡಿದಾರೆ, ಸಿಟಿಯ ಬಡ ಏರಿಯಾದೋರಿಗಿಂತ ಅನುಕೂಲಸ್ಥರ ಮಕ್ಕಳಲ್ಲೇ ಆತಂಕ ಜಾಸ್ತಿ, ಸಿಗರೇಟು ಕುಡಿತ ಡ್ರಗ್ಸೂ ಜಾಸ್ತಿ. ಓದಿ ನಂಬಕ್ಕಾಗ್ಲಿಲ್ಲ, ಆಮೇಲೆ ಪಕ್ಕದ ರೂಮಲ್ಲಿ ಲೈಟ್ ಉರೀತಿದ್ದಿದ್ದು ಕಾಣಿಸ್ತು.

ಕೂದ್ಲು ಕೀಳೋದಕ್ಕೆ ಟ್ರೈಕೊಟಿಲೋಮೇನಿಯಾ ಅಂತ ಹೆಸರಿದ್ಯಂತೆ. ಗದರಿಸ್ಬೇಡಿ, ಕೈಗೆ ಬೇರೆ ಕೆಲಸ ಕೊಡಿ ಅಂದ್ರು ಡಾಕ್ಟರು. ನಮ್ಮಮ್ಮ ಅಳಗುಳಿಮಣೆ ಡಬ್ಬೀಲಿದ್ದ ಹುಣಸೆಬೀಜ ಒಂದ್ ಹಿಡಿ ಕೊಟ್ರು, ಈಗ ಓದೋವಾಗ ಎಡಗೈಲಿ ಅದನ್ನ ಉಜ್ತಾ ಇರ್ತಾಳೆ, ಟಕಟಕ ಸದ್ದು ಹಾಲಿಗೆ ಕೇಳ್ಸತ್ತೆ.

ಪೇರೆಂಟ್ಸ್ ಗ್ರೂಪಿಂದ ಹೊರಗೆ ಬಂದಿದೀನಿ. ಹಂಗಂತ ಬುದ್ಧಿ ಬಂದ್ಬಿಡ್ತಾ? ಮೊನ್ನೆ ಭಾನುವಾರ ಇಬ್ರೂ ಅಮಾನಿಕೆರೆ ಮೇಲೆ ವಾಕಿಂಗ್ ಹೋಗ್ತಿದ್ವಿ, ಬೇಡ ಬೇಡ ಅನ್ಕೊಂಡ್ರೂ ಬಾಯಿಗೆ ಬಂದೇಬಿಡ್ತು, "ಎಷ್ಟ್ ಬಂತು?" ಅಂತ. ಅವಳು "ಅಪ್ಪಾ..." ಅಂತ ರಾಗ ಎಳೆದು ಎರಡು ಹೆಜ್ಜೆ ಮುಂದೆ ಹೋದ್ಲು.